ಉಪಗ್ರಹದ ಸೌರಫಲಕ ಮತ್ತು ನಮ್ಮ ಮನೆಯ ಮಾಳಿಗೆ

(ಹಿರೇವಡ್ಡಟ್ಟಿಯಲ್ಲಿ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸ)



ನಾನು ಪಾಠ ಹೇಳುವುದು ಉರ್ದು ಮತ್ತು ಕನ್ನಡ. ಇಂದು ವಿಜ್ಞಾನದ ವಿಷಯ ಎತ್ತಿಕೊಂಡು ನಿಂತಿರುವುದಕ್ಕೆ ಒಂಬತ್ತನೇ ತರಗತಿಯ ಹುಡುಗನೊಬ್ಬ ಕಾರಣ. ಅವರ ಮನೆಗೆ ಸೋಲಾರ್ ಮಾರುವವನೊಬ್ಬ ಬಂದಿದ್ದನಂತೆ. ಮರುದಿನ ಹುಡುಗ ಕೇಳಿದ: "ಸರ್, ಇದು ಸೆಟಲೈಟಿಗೆ ಹಾಕೋ ಪ್ಲೇಟ್ ಅಂತರೀ. ಬಿಸಿಲಿನ್ಯಾಗ ನೂರಕ್ಕ ನಲವತ್ತೇಳು ಪಾಲು ಕರೆಂಟ್ ಮಾಡ್ತೈತಂತ. ನಮ್ಮ ಅಬ್ಬಾ ದುಪ್ಪಟ್ಟು ರೊಕ್ಕ ಕೊಡಾಕ ತಯಾರಾಗ್ಯಾರ. ಖರೇ ಏನ್ರೀ?"

ನಲವತ್ತೇಳು ಎಂಬ ಅಂಕಿ ಸುಳ್ಳಲ್ಲ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ 2022ರಲ್ಲಿ ಶೇಕಡಾ 47.6 ದಕ್ಷತೆಯ ಸೌರಕೋಶ ತಯಾರಿಸಿತು. ಆದರೆ ಅದು ನಾಲ್ಕು ಪದರಗಳ ಪುಟ್ಟ ಕೋಶ. ಅಳತೆ ಮಾಡಿದ್ದು ಬೆಳಕನ್ನು 665 ಪಟ್ಟು ಸಾಂದ್ರಗೊಳಿಸಿ. ಇಂಥವಕ್ಕೆ ಬಹುಸಂಧಿ ಸೌರಕೋಶ ಎನ್ನುತ್ತಾರೆ.

ನಮ್ಮ ಕಡಲೆ ರಾಶಿಯನ್ನು ನೆನಪಿಸಿಕೊಳ್ಳಿ. ಬಿಸಿಲೂ ಒಂದೇ ಅಳತೆಯ ಕಾಳಲ್ಲ. ನೀಲಿ ಬೆಳಕು ದಪ್ಪ ಕಾಳು, ಕೆಂಪು ಸಣ್ಣದು, ಕಣ್ಣಿಗೆ ಕಾಣದ ಅವಗೆಂಪು ಇನ್ನೂ ಸಣ್ಣದು. ಸಾಮಾನ್ಯ ಸಿಲಿಕಾನ್ ಕೋಶ ಒಂದೇ ಜರಡಿ. ತೀರ ಸಣ್ಣ ಕಾಳು ತೂರಿಹೋಗುತ್ತದೆ. ದಪ್ಪ ಕಾಳು ಸಿಕ್ಕರೂ ಸಣ್ಣ ಕಾಳಿನ ಬೆಲೆಯೇ ಬರುತ್ತದೆ, ಮಿಕ್ಕದ್ದು ಕಾವಾಗಿ ಹಾಳು. ಹೀಗಾಗಿ ಒಂದೇ ಸಂಧಿಯ ಕೋಶ ಸಾಮಾನ್ಯ ಬಿಸಿಲಿನಲ್ಲಿ ಹೆಚ್ಚೆಂದರೆ ಮೂರನೇ ಒಂದು ಪಾಲು ಕೊಟ್ಟೀತೆಂದು ಶಾಕ್ಲಿ ಮತ್ತು ಕ್ವೈಸರ್ ಎಂಬ ವಿಜ್ಞಾನಿಗಳು 1961ರಲ್ಲೇ ಲೆಕ್ಕ ಹಾಕಿದರು.

ಹಾಗಾದರೆ ಮೂರು ಜರಡಿ ಒಂದರ ಮೇಲೊಂದು ಇಟ್ಟರೆ? ಮೇಲೆ ಇಂಡಿಯಂ ಗ್ಯಾಲಿಯಂ ಫಾಸ್ಫೈಡ್, ನಡುವೆ ಗ್ಯಾಲಿಯಂ ಆರ್ಸೆನೈಡ್, ತಳದಲ್ಲಿ ಜರ್ಮೇನಿಯಂ. ಉಪಗ್ರಹಗಳಲ್ಲಿ ಇಂಥ ಕೋಶ ಸುಮಾರು ಶೇಕಡಾ 30 ಕೊಡುತ್ತದೆ.

ತೊಡಕು ಇಲ್ಲಿದೆ. ಬಾವಿ ತೋಡುವಾಗ ಸಾಲಾಗಿ ನಿಂತು ಮಣ್ಣಿನ ಬುಟ್ಟಿ ದಾಟಿಸುವವರನ್ನು ನೋಡಿದ್ದೀರಲ್ಲ? ಸಾಲಿನಲ್ಲಿ ಒಬ್ಬ ನಿಧಾನವಾದರೆ ಎಲ್ಲರೂ ನಿಧಾನ. ಪದರಗಳೂ ಹಾಗೆಯೇ ಸಾಲಾಗಿ ಜೋಡಿಸಿದವು. ಕಡಿಮೆ ವಿದ್ಯುತ್ ಹರಿಸುವ ಪದರವೇ ಎಲ್ಲದರ ಹರಿವನ್ನು ನಿರ್ಧರಿಸುತ್ತದೆ. ಜರ್ಮೇನಿಯಂ ಹೆಚ್ಚು ಹರಿಸಬಲ್ಲದು, ಆದರೆ ಆ ಹೆಚ್ಚಳ ದಂಡ. ಮೇಲಿನ ಪದರವನ್ನು ತೆಳ್ಳಗೆ ಮಾಡಿ ಒಂದಿಷ್ಟು ಬೆಳಕನ್ನು ನಡುವಿನದಕ್ಕೆ ಬಿಟ್ಟುಕೊಡುತ್ತಾರೆ. ಬಾಹ್ಯಾಕಾಶದ ವಿಕಿರಣಕ್ಕೆ ಆ ನಡುವಿನ ಪದರವೇ ಮೊದಲು ಸೊರಗುತ್ತದೆ. ಅದಕ್ಕೆ ಮೊದಲೇ ತುಸು ಹೆಚ್ಚು ಪಾಲು ಕೊಟ್ಟು, ಮೊದಲ ದಿನದ ಇಳುವರಿ ಸ್ವಲ್ಪ ಕಡಿಮೆಯಾದರೂ ಕೊನೆಯ ವರ್ಷದ ಇಳುವರಿ ಕಾಯುತ್ತಾರೆ. ಈ ಮಾತು ನನಗೆ ಬಹಳ ಹಿಡಿಸಿತು.

ಬೆಂಗಳೂರಿನಲ್ಲಿ ಸಿದ್ಧವಾದ ಮಂಗಳಯಾನ 2014ರಲ್ಲಿ ಮಂಗಳನ ಕಕ್ಷೆ ಸೇರಿತು. ಅಲ್ಲಿ ಬಿಸಿಲು ನಮ್ಮಲ್ಲಿಯ ಅರ್ಧಕ್ಕಿಂತ ಕಡಿಮೆ. 1.8 ಮೀಟರ್ ಉದ್ದ, 1.4 ಮೀಟರ್ ಅಗಲದ ಮೂರೇ ಫಲಕಗಳಿಂದ 840 ವ್ಯಾಟ್ ಪಡೆಯಬೇಕಿತ್ತು. 2023ರಲ್ಲಿ ಚಂದ್ರನ ಮೇಲೆ ಓಡಾಡಿದ ಪ್ರಜ್ಞಾನ್ ಬಂಡಿಗೆ ಇದ್ದದ್ದು 50 ವ್ಯಾಟ್. ಅಲ್ಲಿ ಜಾಗ, ತೂಕ ಎರಡೂ ದುಬಾರಿ. ಕೋಶಕ್ಕೆ ಎಷ್ಟು ಕೊಟ್ಟರೂ ಲಾಭವೇ.

ನಮ್ಮಲ್ಲಿ ಲೆಕ್ಕ ತಿರುವುಮುರುವು. ಪಾವಗಡದ ಸೌರ ಪಾರ್ಕು ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ್ದು. ಅಲ್ಲಿಯೂ ಉಪಗ್ರಹದ ಕೋಶ ಹಾಕಿಲ್ಲ. ಬೆಳಕು ಸಾಂದ್ರಗೊಳಿಸುವ ಮಸೂರಕ್ಕೆ ನೇರ ಬಿಸಿಲೇ ಬೇಕು, ಸೂರ್ಯನ ಹಿಂದೆ ತಿರುಗುವ ಯಂತ್ರ ಬೇಕು. ಮೋಡ ಕವಿದರೆ, ಧೂಳು ಕೂತರೆ ಮುಗಿಯಿತು. ಕಪ್ಪತಗುಡ್ಡದ ಗಾಳಿ ಏಳಿಸುವ ಧೂಳು ನಿಮಗೇ ಗೊತ್ತು! ಸಿಲಿಕಾನ್ ಮೇಲೆ ಪೆರೋವ್‌ಸ್ಕೈಟ್ ಎಂಬ ಅಗ್ಗದ ಪದರ ಹಾಕಿ ಪ್ರಯೋಗಾಲಯದಲ್ಲಿ ಶೇಕಡಾ 34 ದಾಟಿದ್ದಾರೆ. ಅದು ಬಿಸಿಲು, ತೇವಕ್ಕೆ ಇಪ್ಪತ್ತೈದು ವರ್ಷ ಬಾಳಬೇಕು.

ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ಫಲಕದ ಹಿಂದಿನ ಚೀಟಿ ಓದು, ಟೇಪ್ ಹಿಡಿದು ಅಳೆ. ಫಲಕದ ವ್ಯಾಟ್ ಗೊತ್ತುಮಾಡುವುದು ಚದರ ಮೀಟರಿಗೆ 1,000 ವ್ಯಾಟ್ ಬೆಳಕಿನಲ್ಲಿ. ಮಾರುವವನು ಮತ್ತೆ ಬಂದಾಗ ಹುಡುಗ ಅಳೆದ. ಫಲಕ ಎರಡು ಚದರ ಮೀಟರ್. ಚೀಟಿಯಲ್ಲಿದ್ದದ್ದು 380 ವ್ಯಾಟ್. 2,000ಕ್ಕೆ 380, ಅಂದರೆ ಶೇಕಡಾ 19. ಅವರ ಅಬ್ಬಾ ಎಣಿಸಿಟ್ಟ ರೊಕ್ಕವನ್ನು ಮತ್ತೆ ಕಿಸೆಗೆ ಹಾಕಿಕೊಂಡರು.