ಗೋಧಿ ಬಯಲಿನಿಂದ ಬಂದ ಆರೋಗ್ಯ ನೀತಿ



ಮಲೆನಾಡಿನ ಸಭೆಯಲ್ಲಿ ಕೆನಡಾದ ಮಾತೇಕೆ ಎನಿಸಬಹುದು. ಆ ದೇಶದ ಆರೋಗ್ಯ ವ್ಯವಸ್ಥೆ ಹುಟ್ಟಿದ್ದು ರಾಜಧಾನಿಯಲ್ಲಲ್ಲ, ಸಸ್ಕ್ಯಾಚೆವಾನ್ ಪ್ರಾಂತ್ಯದ ಗೋಧಿ ಹೊಲಗಳ ನಡುವೆ. ಅಲ್ಲಿನ ಸಾರ್ನಿಯಾ ಎಂಬ ಗ್ರಾಮೀಣ ಆಡಳಿತವು, ಇದ್ದೊಬ್ಬ ವೈದ್ಯರೂ ಊರು ಬಿಡಬಾರದೆಂದು, 1915ರಲ್ಲಿ ಅವರಿಗೆ ವರ್ಷಕ್ಕೆ 1,500 ಡಾಲರ್ ಸಂಬಳ ಗೊತ್ತುಮಾಡಿತು. ನೆರೆಯ ಆಡಳಿತಗಳೂ ಇದನ್ನೇ ಅನುಸರಿಸಿದವು. ಬೆಳೆಯ ಆದಾಯ ನಂಬುವಂಥದ್ದಲ್ಲ, ಕಾಯಿಲೆಯಾದರೋ ಸುಗ್ಗಿಗೆ ಕಾಯುವುದಿಲ್ಲ. 1924ರಲ್ಲಿ ಗೋಧಿಯನ್ನು ಒಟ್ಟಾಗಿ ಮಾರಲು ಸಹಕಾರ ಸಂಘ ಕಟ್ಟಿಕೊಂಡ, 1930ರ ದಶಕದ ಬರಗಾಲವನ್ನೂ ಒಟ್ಟಾಗಿಯೇ ಕಂಡ ಆ ರೈತರಿಗೆ ಮೌಲ್ಯವೆಂಬುದು ಭಾಷಣದ ವಸ್ತುವಾಗಿರಲಿಲ್ಲ, ಬದುಕಿನ ಲೆಕ್ಕಾಚಾರವಾಗಿತ್ತು.

1947ರ ಜನವರಿಯಲ್ಲಿ ಟಾಮಿ ಡಗ್ಲಸ್ ಅವರ ಪ್ರಾಂತೀಯ ಸರ್ಕಾರ ಆಸ್ಪತ್ರೆ ವಿಮೆಯನ್ನು ಎಲ್ಲರಿಗೂ ವಿಸ್ತರಿಸಿತು. ತಲೆಗೆ ವರ್ಷಕ್ಕೆ 5 ಡಾಲರ್, ಕುಟುಂಬವೊಂದಕ್ಕೆ ಹೆಚ್ಚೆಂದರೆ 30. ವೈದ್ಯರ ಶುಲ್ಕವನ್ನೂ ಸರ್ಕಾರವೇ ಭರಿಸುವ ಕಾನೂನು 1962ರ ಜುಲೈ 1ರಂದು ಜಾರಿಗೆ ಬಂದಾಗ ಮಾತ್ರ ವೈದ್ಯರು ಮುಷ್ಕರ ಹೂಡಿದರು. ಅದು 23 ದಿನ ನಡೆಯಿತು. ಬ್ರಿಟನ್ನಿನಿಂದ ವೈದ್ಯರು ಬಂದರು; ಊರವರೇ ಸೇರಿ ಸಹಕಾರಿ ಚಿಕಿತ್ಸಾಲಯಗಳನ್ನು ತೆರೆದರು. ಕೊನೆಗೆ ಆದ ಒಪ್ಪಂದದಲ್ಲಿ ಎಲ್ಲರಿಗೂ ಚಿಕಿತ್ಸೆ ಎಂಬ ತತ್ತ್ವ ಉಳಿಯಿತು. ಆದರೆ ನೋಡಿದ ಪ್ರತಿ ರೋಗಿಗೂ ಶುಲ್ಕ ಎಂಬ ಪದ್ಧತಿಯೂ ಉಳಿಯಿತು. ರೋಗ ಬಾರದಂತೆ ತಡೆಯುವ ವೈದ್ಯನಿಗೆ ಅದರಲ್ಲಿ ಹೆಚ್ಚಿನ ಪ್ರತಿಫಲವಿಲ್ಲ. ಆ ರಾಜಿಯ ನಿಜವಾದ ಬೆಲೆ ಇದೇ.

1966ರ ಕಾನೂನು ಈ ಮಾದರಿಯನ್ನು ದೇಶಕ್ಕೆ ಹರಡಿತು. ರೋಗಿಯಿಂದ ಹೆಚ್ಚುವರಿ ಹಣ ಪಡೆಯಲು ಬಿಡುವ ಪ್ರಾಂತ್ಯಕ್ಕೆ ಕೇಂದ್ರದ ಅನುದಾನದಲ್ಲಿ ಅಷ್ಟೇ ಮೊತ್ತ ಕಡಿತ ಎಂದು 1984ರ ಕಾನೂನು ವಿಧಿಸಿತು. ಸಮಾನತೆಯನ್ನು ಹೀಗೆ ಲೆಕ್ಕಪುಸ್ತಕಕ್ಕೆ ಇಳಿಸಿದ್ದರಿಂದಲೇ ಅದಕ್ಕೆ ಬಲ ಬಂದಿತೆನ್ನಬೇಕು.

ವೆಚ್ಚ ಏರಿ, ಕಾಯುವ ಸಾಲು ಬೆಳೆದಾಗ ರಾಯ್ ರೊಮಾನೊ ಅವರ ಆಯೋಗ ನೇಮಕವಾಯಿತು. ಅದು ಪರಿಣತರನ್ನಷ್ಟೇ ಕೇಳದೆ, ಸಾಮಾನ್ಯ ನಾಗರಿಕರನ್ನು ದಿನವಿಡೀ ಕೂರಿಸಿ, ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಕೂಡದು ಎಂದು ಚರ್ಚಿಸಿತು. 2002ರ ನವೆಂಬರಿನಲ್ಲಿ ಬಂದ ವರದಿಯ ಶೀರ್ಷಿಕೆಯಲ್ಲೇ ‘ಮೌಲ್ಯ’ ಎಂಬ ಪದವಿತ್ತು. ಇದೇ ರೊಮಾನೊ ಸಸ್ಕ್ಯಾಚೆವಾನಿನ ಪ್ರಧಾನಿಯಾಗಿದ್ದಾಗ, 1993ರಲ್ಲಿ, ಸಾಲದ ಹೊರೆಯ ಕಾರಣ 52 ಸಣ್ಣ ಗ್ರಾಮೀಣ ಆಸ್ಪತ್ರೆಗಳ ಅನುದಾನ ನಿಂತಿತ್ತು. ಆ ಊರುಗಳಿಗೆ ‘ಮೌಲ್ಯ’ ಎಂಬ ಪದ ಬೇರೆಯಾಗಿಯೇ ಕೇಳಿಸಿರಬೇಕು.

ಆಸ್ಪತ್ರೆಯ ಹಾಸಿಗೆಯಲ್ಲಿರುವವರೆಗೆ ಉಚಿತವಾದ ಔಷಧಿ, ಮನೆಗೆ ಮರಳಿದ ಕೂಡಲೇ ಅನೇಕರಿಗೆ ಕೈಯಿಂದ ಹಣ ಕೊಡಬೇಕಾದ ವಸ್ತುವಾಗುತ್ತದೆ. ಅದನ್ನು ಸರಿಪಡಿಸಹೊರಟ 2024ರ ಕಾನೂನು ಮಧುಮೇಹದ ಮತ್ತು ಗರ್ಭನಿರೋಧಕ ಔಷಧಿಗಳಿಂದ ಆರಂಭಿಸಿದೆ. ಅದೂ ಒಪ್ಪಂದಕ್ಕೆ ಸಹಿ ಹಾಕುವ ಪ್ರಾಂತ್ಯಗಳಲ್ಲಿ ಮಾತ್ರ.