ವಿಷಕ್ಕೆ ಬೇಲಿಯ ಪರಿವೆಯಿಲ್ಲ
(ಮಂಕಿಯಲ್ಲಿ ನಡೆದ ಕುಟುಂಬ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮದುವೆಯ ಬಿರಿಯಾನಿಗೂ ಗಲ್ಫಿಗೆ ಹೊರಟವರ ಪೆಟ್ಟಿಗೆಗೂ ನಮಗೆ ಗೇರುಬೀಜ ಬೇಕು. ಆದರೆ ಈ ಬೀಜದ ಹಿಂದೆ ಒಂದು ದುರಂತವಿದೆ. ಅದು ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಮನೆಗಳನ್ನೂ ಹೊಕ್ಕಿದೆ. ಇಂದು ನಾವು ಅದರ ಕುರಿತು ಮಾತನಾಡಬಯಸುತ್ತೇವೆ.

ಗೇರಿನ ಚಿಗುರು ಮತ್ತು ಹೂವಿನ ರಸವನ್ನು ಹೀರುವ ಕೀಟವನ್ನು ಟೀ ಸೊಳ್ಳೆ ಎನ್ನುತ್ತಾರೆ. ಅದರ ನಾಶಕ್ಕಾಗಿ ಕಾಸರಗೋಡಿನಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಕರ್ನಾಟಕದ ಕರಾವಳಿಯಲ್ಲೂ ಗೇರು ಅಭಿವೃದ್ಧಿ ನಿಗಮದ ನೆಡುತೋಪುಗಳ ಮೇಲೆ ಇದೇ ವಿಷವನ್ನು ಸುರಿಯಲಾಯಿತು.

ತೋಟ ನಿಗಮದ್ದು, ಲಾಭವೂ ನಿಗಮದ್ದು. ಆದರೆ ರೋಗ ಯಾರ ಪಾಲಾಯಿತು? ಕಾಸರಗೋಡಿನ ಪಡ್ರೆಯಲ್ಲಿ ತೋಟಗಳಿರುವುದು ಗುಡ್ಡದ ಮೇಲೆ, ಮನೆಗಳಿರುವುದು ಕಣಿವೆಯಲ್ಲಿ. ಜನರು ಕುಡಿಯುವುದು ಅದೇ ಗುಡ್ಡದ ಸುರಂಗ ಮತ್ತು ತೋಡುಗಳ ನೀರನ್ನು. ಅಲ್ಲಿನ ವೈದ್ಯ ಡಾ. ಮೋಹನ್ ಕುಮಾರ್ ಅವರು ಅಸಹಜ ಸಂಖ್ಯೆಯ ಕಾಯಿಲೆಗಳನ್ನು ಗುರುತಿಸಿದರು. ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ಲೋಕದ ಗಮನಕ್ಕೆ ತಂದರು. ಸಿಂಪಡಣೆ ನಿಂತು ತಿಂಗಳುಗಳು ಕಳೆದ ಬಳಿಕವೂ ಅಲ್ಲಿನ ಮಕ್ಕಳ ರಕ್ತದಲ್ಲಿ ವಿಷದ ಅಂಶವನ್ನು ಅಹ್ಮದಾಬಾದ್‌ನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಪತ್ತೆ ಹಚ್ಚಿತು.

2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನನ್ನು ನಿಷೇಧಿಸಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂ. ನೀಡಬೇಕೆಂದು 2017ರಲ್ಲಿ ಕೇರಳ ಸರಕಾರಕ್ಕೆ ಆದೇಶಿಸಿತು. ಐದು ವರ್ಷಗಳ ಬಳಿಕ, 2022ರಲ್ಲಿ, 3,700ಕ್ಕೂ ಮಿಕ್ಕಿದ ಸಂತ್ರಸ್ತರ ಪೈಕಿ ನ್ಯಾಯಾಲಯದ ಮೆಟ್ಟಿಲೇರಿದ ಎಂಟು ಮಂದಿಗೆ ಮಾತ್ರ ಪರಿಹಾರ ಸಿಕ್ಕಿರುವುದನ್ನು ಕಂಡು ಅದೇ ನ್ಯಾಯಾಲಯ ಸರಕಾರವನ್ನು ತರಾಟೆಗೆ ತೆಗೆದುಕೊಂಡಿತು. ಬಡವನ ಹಕ್ಕಿಗೆ ನಮ್ಮ ಆಡಳಿತಗಳು ನೀಡುವ ಬೆಲೆ ಇದು. ನಮ್ಮ ಜಿಲ್ಲೆಯ ಸಂತ್ರಸ್ತರಿಗೂ ಮಾಸಾಶನವಿದೆ. ಆದರೆ ಹಾಸಿಗೆ ಹಿಡಿದ ಮಗನನ್ನು ತನ್ನ ನಂತರ ಯಾರು ನೋಡಿಯಾರು ಎಂಬ ತಾಯಿಯ ಚಿಂತೆಗೆ ಯಾವ ಮಾಸಾಶನವೂ ಉತ್ತರವಾಗಲಾರದು.

ಕೀಟನಾಶಕವಿಲ್ಲದೆ ಬೆಳೆ ಬರುವುದೇ ಎಂದು ಕೇಳುವವರಿದ್ದಾರೆ. ಹೊಸ ಬೀಜ, ರಸಗೊಬ್ಬರಗಳು ಆಹಾರದ ಕೊರತೆಯನ್ನು ನೀಗಿಸಲು ನೆರವಾದುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಎಲ್ಲ ಸಮಸ್ಯೆಗೂ ವಿಷವೇ ಪರಿಹಾರವೆಂಬುದು ಸುಳ್ಳು. ಗೇರು ಮರದಲ್ಲಿ ಎಲೆ ಹೆಣೆದು ಗೂಡು ಕಟ್ಟುವ ಚಗಳಿ ಇರುವೆಗಳು ಟೀ ಸೊಳ್ಳೆಯನ್ನು ಹಿಡಿದು ತಿನ್ನುತ್ತವೆ. ವಿಷ ಸುರಿದಾಗ ಶತ್ರುವಿನೊಂದಿಗೆ ಈ ಕಾವಲುಗಾರನೂ, ಪರಾಗಸ್ಪರ್ಶ ಮಾಡುವ ಜೇನೂ ಸಾಯುತ್ತವೆ.

ದೂರ ಹೋಗಬೇಕಾಗಿಲ್ಲ. ಕುಮಟಾದ ಅಘನಾಶಿನಿ ಹಿನ್ನೀರಿನ ಗಜನಿ ಭೂಮಿಯನ್ನು ನೋಡಿ. ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಳ್ಳುವ ಕಗ್ಗ ಭತ್ತವನ್ನು ಅಲ್ಲಿನ ರೈತರು ರಸಗೊಬ್ಬರ, ಕೀಟನಾಶಕಗಳಿಲ್ಲದೆ ಬೆಳೆಯುತ್ತಾ ಬಂದಿದ್ದಾರೆ. ತೆನೆಯನ್ನಷ್ಟೇ ಕೊಯ್ದು ಬಿಟ್ಟ ಹುಲ್ಲು ನೀರಿನಲ್ಲಿ ಕೊಳೆತು ಮೀನು, ಸಿಗಡಿಗಳಿಗೆ ಆಹಾರವಾಗುತ್ತದೆ. ಒಂದೇ ಗದ್ದೆ ಅನ್ನವನ್ನೂ ಮೀನನ್ನೂ ನೀಡುತ್ತದೆ. ಲಾಭದಾಸೆಯ ಸಿಗಡಿ ಕೃಷಿಯಿಂದಾಗಿ ಈ ಬೇಸಾಯ ಕುಗ್ಗಿದೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು. ಗೌರವವೇನೋ ದೊರೆಯಿತು, ಆದರೆ ಕಗ್ಗದ ಅಕ್ಕಿಯನ್ನು ಕೊಳ್ಳುವವರು ಯಾರು?

ನಾವು ಪೇಟೆಯವರು, ನೇಗಿಲು ಹಿಡಿದವರಲ್ಲ ಎಂದು ಕೈ ತೊಳೆದುಕೊಳ್ಳುವಂತಿಲ್ಲ. ನಮ್ಮಲ್ಲಿ ಅನೇಕರ ತೋಟಗಳನ್ನು ಇತರರು ನೋಡಿಕೊಳ್ಳುತ್ತಾರೆ. ಫಸಲೆಷ್ಟು ಎಂದು ಕೇಳುವ ನಾವು, ಏನನ್ನು ಸಿಂಪಡಿಸಿದಿರಿ, ಸಿಂಪಡಿಸಿದವನ ಕೈಗೆ ಗವಸಿತ್ತೇ, ನೆರೆಯವರ ಬಾವಿ ಎಷ್ಟು ದೂರದಲ್ಲಿದೆ ಎಂದೂ ಕೇಳಬೇಕು. ಅಂಗಡಿಯಲ್ಲಿ ಕಗ್ಗದ ಅಕ್ಕಿಯನ್ನು ಕೇಳಿ ಪಡೆಯಬೇಕು. ನಮ್ಮ ಮೊಹಲ್ಲಾದಲ್ಲಾಗಲಿ ನೆರೆಯ ಕೇರಿಯಲ್ಲಾಗಲಿ ಎಂಡೋಸಲ್ಫಾನ್ ಪೀಡಿತರಿದ್ದರೆ, ಧರ್ಮ ಯಾವುದೆಂದು ನೋಡದೆ, ಅವರೊಂದಿಗೆ ತಾಲೂಕು ಕಚೇರಿಗೆ ಹೋಗಿ ಅವರ ಹಕ್ಕನ್ನು ಕೇಳಬೇಕು.

ಭೂಮಿ ನಮ್ಮ ಸೊತ್ತಲ್ಲ, ಅಮಾನತ್ತು. ನೆರೆಯವನ ಬಾವಿಯನ್ನು ಕೆಡಿಸಿ ತುಂಬಿಸಿಕೊಂಡ ಕಣಜದಲ್ಲಿ ಬರಕತ್ ಇರಲಾರದು.