ಹೇಳಿದ ಮಾತು ಅಮಾನತ್
(ಕುದೂರಿನಲ್ಲಿ ವಿದ್ಯಾರ್ಥಿವೇತನ ವಿತರಿಸಿದ ದಿನ ಸಮಿತಿಯ ಪರವಾಗಿ ಆಡಿದ ಮಾತು)



ನಮ್ಮ ನೆರವು ಪಡೆದ ಕೆಲವು ಮಕ್ಕಳು ಈಗ ಸಮಾಜಕಾರ್ಯ, ಕಾನೂನು ಓದುತ್ತಿದ್ದಾರೆ. ಪ್ರಶ್ನಾವಳಿ ಹಿಡಿದು ನೊಂದವರ ಮನೆಗೆ ಹೋಗುವುದೂ ಅವರ ಓದಿನ ಭಾಗ. ಅವರಿಗಾಗಿ ಎರಡು ಸಂಗತಿ ಹೇಳುತ್ತೇವೆ. ಎರಡೂ ಚಾಮರಾಜನಗರ ಜಿಲ್ಲೆಯವು.

ವೀರಪ್ಪನ್ ಬೇಟೆಯ ಕಾಲದಲ್ಲಿ ವಿಶೇಷ ಕಾರ್ಯಪಡೆ ಚಿತ್ರಹಿಂಸೆ ಕೊಟ್ಟಿತೆಂದು ಮಲೆಮಹದೇಶ್ವರ ಬೆಟ್ಟದ ಸೀಮೆಯ ಜನ ದೂರಿದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. ಬಾಯಿಬಿಟ್ಟು ಹೇಳಲಾಗದ್ದನ್ನೂ ಜನ ಅದರ ಮುಂದೆ ಹೇಳಿದರು. 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರದ ಶಿಫಾರಸು ಬಂದದ್ದು 2007ರಲ್ಲಿ. ಆ ವಿಚಾರಣೆ ಬೇಕೇ ಇತ್ತು. ಆದರೆ ಅಷ್ಟು ವರ್ಷ ಹೇಳಿಕೆ ಕಡತದಲ್ಲಿತ್ತು, ಹೇಳಿದವರು ಊರಲ್ಲಿ ಕಾಯುತ್ತಿದ್ದರು.

ಇನ್ನೊಂದು, ಬಿಳಿಗಿರಿರಂಗನ ಬೆಟ್ಟದ ಸೋಲಿಗರದು. 1974ರಲ್ಲಿ ಅಭಯಾರಣ್ಯವಾದ ಮೇಲೆ ಅವರನ್ನು ಕಾಡಿನೊಳಗಿನ ಪೋಡುಗಳಿಂದ ಎಬ್ಬಿಸಲಾಯಿತು. ಮುಂದೆ ಅವರೇ ಏಟ್ರೀ ಸಂಸ್ಥೆಯ ಸಂಶೋಧಕರೊಂದಿಗೆ ಕಾಡು ಸುತ್ತಿ, ದೇವರ ನೆಲೆ, ಹಿರಿಯರ ಕಲ್ಲು, ನೀರಿನ ಸೆಲೆ ಎಂದು 400ಕ್ಕೂ ಹೆಚ್ಚು ಜಾಗಗಳನ್ನು ನಕ್ಷೆಗೆ ತಂದರು. 2011ರಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಇಲ್ಲಿ ನೊಂದವರು ಬರೀ ಉತ್ತರ ಕೊಟ್ಟವರಲ್ಲ, ಅಧ್ಯಯನ ಮಾಡಿದವರೂ ಅವರೇ.

ಮಕ್ಕಳೇ, ಒಬ್ಬರು ಹೇಳಿದ ನೋವು ನಿಮ್ಮ ಬಳಿ ಇಟ್ಟ ಅಮಾನತ್. ಏನು ಕೇಳಬೇಕೆಂದು ಮೊದಲು ಅವರನ್ನೇ ಕೇಳಿ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಪ್ರತಿ ಕೊಡಿ. ಬೇಡವೆಂದರೆ ಪುಸ್ತಕ ಮುಚ್ಚಿ, ಕೊಟ್ಟ ಟೀ ಕುಡಿದು ಬನ್ನಿ.

ಈ ಪಾಠ ನಮಗೂ ಬೇಕಿತ್ತು. ಅರ್ಜಿಯಲ್ಲಿ ಮನೆಯ ಕಷ್ಟವನ್ನೆಲ್ಲ ಬರೆಸಿಕೊಂಡು, ಮಕ್ಕಳ ಹೆಸರು, ಫೋಟೋ ಸಮೇತ ಇದೇ ವರದಿಯಲ್ಲಿ ಅಚ್ಚು ಹಾಕುತ್ತಿದ್ದೆವು. ಒಬ್ಬ ತಾಯಿ ಬಂದು, "ಮೇಷ್ಟ್ರೇ, ಫೀಸು ಕಟ್ಟಿದ್ರಿ, ನಿಮಗೆ ಪುಣ್ಯ ಬರಲಿ. ಆದ್ರೆ ನನ್ನ ಮಗಳು ಆ ಪುಸ್ತಕ ಯಾರಿಗೂ ಕಾಣದ ಹಾಗೆ ಬಚ್ಚಿಟ್ಟಿದ್ದಾಳೆ" ಎಂದರು. ನಮಗೆ ಉತ್ತರ ಹೊಳೆಯಲಿಲ್ಲ.

ಈ ವರ್ಷದಿಂದ ವರದಿಯಲ್ಲಿ ಮಕ್ಕಳ ಫೋಟೋ ಇರುವುದಿಲ್ಲ, ಮನೆಯ ಕಥೆಯೂ ಇರುವುದಿಲ್ಲ. ಅರ್ಜಿಯ ಪ್ರಶ್ನೆಗಳನ್ನು ಇಬ್ಬರು ಪೋಷಕರೂ ನಮ್ಮೊಂದಿಗೆ ಕೂತು ತಿದ್ದಿದ್ದಾರೆ. ದಾನಿಗಳಿಗೆ ಲೆಕ್ಕ ಪೂರ್ತಿ ಸಿಗುತ್ತದೆ, ಹೆಸರು ಸಿಗುವುದಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಕಲಿತವರು ನೀವು. ಬೇಸರ ಮಾಡಿಕೊಳ್ಳಲಾರಿರಿ ಎಂದು ನಂಬಿದ್ದೇವೆ.